ಮನೆಯಲ್ಲೇ ಉಳಿದ ಹಬ್ಬದ ಬ್ರೆಡ್ಡು

ಡಿಸೆಂಬರ್ ಎರಡನೇ ವಾರ ಬಂತೆಂದರೆ ಅಮೆರಿಕದ ಮನೆಗಳಿಂದ ಇಟ್ಟಿಗೆಯಾಕಾರದ ಒಂದು ಬ್ರೆಡ್ಡು ಹೊರಟು ಕೈಯಿಂದ ಕೈಗೆ ಓಡಾಡತೊಡಗುತ್ತದೆ. ಅಲ್ಯೂಮಿನಿಯಂ ಹಾಳೆ ಸುತ್ತಿಸಿಕೊಂಡು, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಪಕ್ಕದ ಮನೆಗೆ, ಮಕ್ಕಳ ಟೀಚರಿಗೆ, ಆಫೀಸಿನ ಕಾಫಿ ಮೇಜಿಗೆ ಹೋಗುತ್ತದೆ. ಒಳಗೆ ಕ್ರ್ಯಾನ್‌ಬೆರಿ ಮತ್ತು ಅಕ್ರೋಟು ಇರಬಹುದು, ಖರ್ಜೂರ ಇರಬಹುದು, ಸಿಪ್ಪೆ ಕಪ್ಪಾದ ಬಾಳೆಹಣ್ಣು ಮತ್ತು ಪೀಕನ್ ಇರಬಹುದು. ಇದಕ್ಕೆ ಯೀಸ್ಟ್ ಬೇಡ, ನಾದುವುದು ಬೇಡ, ಹಿಟ್ಟು ಹುದುಗಲೆಂದು ಕಾಯುವುದೂ ಬೇಡ. ಅಡುಗೆ ಸೋಡಾ ಅಥವಾ ಬೇಕಿಂಗ್ ಪೌಡರ್ ಹಾಕಿ ಕಲಸಿ ಅಚ್ಚಿಗೆ ಸುರಿದು ಓವನ್ನಿಗಿಟ್ಟರೆ ಒಂದು ಗಂಟೆಯಲ್ಲಿ ಸಿದ್ಧ. ಕ್ವಿಕ್ ಬ್ರೆಡ್ ಎಂದು ಅಲ್ಲಿ ಅದಕ್ಕೆ ಹೆಸರು. ಆ ದೇಶದ ಚಳಿಗಾಲಗಳನ್ನು ಕಂಡ ನನ್ನಂಥವರ ನೆನಪಿನಲ್ಲಿ ಹಬ್ಬವೆಂದರೆ ದಾಲ್ಚಿನ್ನಿ ಮತ್ತು ಕಿತ್ತಳೆ ಸಿಪ್ಪೆ ಬೆರೆತ ಇದರ ವಾಸನೆಯೇ. ಆದರೆ ಬೇಕಿಂಗ್ ಬಲ್ಲವರ ನಡುವೆ ಇದಕ್ಕೆ ಅಂಥ ಮರ್ಯಾದೆಯಿಲ್ಲ. ಬ್ರೆಡ್ಡೂ ಅಲ್ಲದ, ಕೇಕೂ ಅಲ್ಲದ, ಕೈಲಾಗದವರು ಹಿಡಿದ ಅಡ್ಡದಾರಿ ಇದು ಎಂಬ ಭಾವ ಅವರದು. ಆ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಕ್ರಿಸ್ಮಸ್ಸಿನ ಬ್ರೆಡ್ಡುಗಳಲ್ಲಿ ಹೆಸರುವಾಸಿಯಾದವು ಒಂದೊಂದಾಗಿ ಬೇಕರಿಯ ಪಾಲಾದವು, ಈ ಅಡ್ಡದಾರಿಯದು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು. ಹಾಗೆ ಉಳಿಸಿದ್ದು ಯಾವುದನ್ನು ಅದರ ದೋಷ ಎನ್ನುತ್ತಾರೋ ಆ ಸುಲಭತನವೇ.

ಹೆಸರುವಾಸಿಯಾದವನ್ನೇ ಮೊದಲು ನೋಡೋಣ. ಜರ್ಮನಿಯ ಡ್ರೆಸ್ಡನ್ ನಗರದ ಸ್ಟೋಲನ್ 1474ರಷ್ಟು ಹಿಂದೆಯೇ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದು ಬಡಪಾಯಿ ಬ್ರೆಡ್ಡು. ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧವಾಗಿತ್ತು. 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಪತ್ರ ಬರೆದು ಬೆಣ್ಣೆಗೆ ಅನುಮತಿ ಕೊಟ್ಟ ಮೇಲೆಯೇ ಅದಕ್ಕೆ ಸಿರಿ ಬಂದದ್ದು. ಸಿರಿ ಬಂದ ಮೇಲೆ ಅದನ್ನು ಮಾಡುವ ಕಷ್ಟವೂ ಬೆಳೆಯಿತು. ಸ್ಯಾಕ್ಸನಿಯ ಗೃಹಿಣಿಯರು ದ್ರಾಕ್ಷಿ, ಬಾದಾಮಿ, ಬೆಣ್ಣೆಗಳನ್ನು ಮನೆಯಿಂದ ಕಟ್ಟಿಕೊಂಡು ಹೋಗಿ ಬೇಕರಿಯವನ ಕೈಯಲ್ಲಿ ಸ್ಟೋಲನ್ ಮಾಡಿಸಿಕೊಂಡು ಬರುತ್ತಿದ್ದರು. ನಮ್ಮ ಅಲಹಾಬಾದಿನಂಥ ಊರುಗಳಲ್ಲೂ ಕ್ರಿಸ್ಮಸ್ ಕೇಕಿಗೆ ಇದೇ ಪದ್ಧತಿಯಿತ್ತು. ಸಾಮಾನು ನಮ್ಮದು, ಕೈಯೂ ಒಲೆಯೂ ಬೇಕರಿಯವನದು. ಇವತ್ತು ಡ್ರೆಸ್ಡನ್ ಸ್ಟೋಲನ್ ಎಂಬ ಹೆಸರಿಗೆ ಯುರೋಪಿಯನ್ ಒಕ್ಕೂಟದ ಕಾನೂನಿನ ರಕ್ಷಣೆಯಿದೆ, ಅದನ್ನು ಆ ಸೀಮೆಯ ಬೇಕರಿಗಳು ಮಾತ್ರ ಬಳಸಬಹುದು. ಇಟಲಿಯ ಪಾನೆತ್ತೋನೆಯ ಕತೆ ಇನ್ನೂ ಮುಂದೆ ಹೋಯಿತು. ಮಿಲಾನಿನಲ್ಲಿ 1919ರಲ್ಲಿ ಬೇಕರಿ ತೆರೆದ ಆಂಜೆಲೊ ಮೊತ್ತಾ ಅದಕ್ಕೆ ಈಗಿನ ಎತ್ತರದ ಗುಮ್ಮಟದ ಆಕಾರ ಕೊಟ್ಟು ಕಾರ್ಖಾನೆಗೆ ಒಯ್ದ. 2005ರಲ್ಲಿ ಇಟಲಿ ಸರ್ಕಾರ ಪಾನೆತ್ತೋನೆಯಲ್ಲಿ ಏನೇನಿರಬೇಕೆಂದು ಆಜ್ಞೆಯನ್ನೇ ಹೊರಡಿಸಿತು. ಹುಳಿಹಿಟ್ಟನ್ನು ಮತ್ತೆ ಮತ್ತೆ ಹದಗೊಳಿಸಿ, ಎರಡು ಹಂತಗಳಲ್ಲಿ ಉಬ್ಬಿಸಿ, ಬೆಂದ ಮೇಲೆ ಕುಸಿಯದಂತೆ ತಲೆಕೆಳಗಾಗಿ ನೇತುಹಾಕಿ ಆರಿಸಬೇಕಾದ ಪದಾರ್ಥ ಅದು. ಇಟಲಿಯ ಬಹುಪಾಲು ಮನೆಗಳು ಅದನ್ನು ಡಬ್ಬಿಯಲ್ಲಿ ಕೊಂಡು ತರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇವು ಕೈಬಿಟ್ಟು ಹೋದದ್ದಕ್ಕೆ ಜನರ ಸೋಮಾರಿತನವನ್ನು ದೂರುವುದು ಸುಲಭ. ಕಾರಣ ಇರುವುದು ಹಿಟ್ಟಿನಲ್ಲೇ. ದಿನನಿತ್ಯದ ಬ್ರೆಡ್ಡಿಗೆ ಹಿಟ್ಟು, ನೀರು, ಉಪ್ಪು ಸಾಕು. ಯೀಸ್ಟ್ ಅದರಲ್ಲಿ ನಿರಾಳವಾಗಿ ಕೆಲಸ ಮಾಡುತ್ತದೆ. ಹಬ್ಬ ಬಂದರೆ ಅದೇ ಹಿಟ್ಟಿಗೆ ಸಕ್ಕರೆ, ಬೆಣ್ಣೆ, ಮೊಟ್ಟೆ, ಒಣಹಣ್ಣು ಬೀಳುತ್ತವೆ. ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಂಡು ಯೀಸ್ಟನ್ನು ಬಾಯಾರಿಸುತ್ತದೆ. ಬೆಣ್ಣೆ ಹಿಟ್ಟಿನ ಎಳೆಗಳಿಗೆ ಹತ್ತಿಕೊಂಡು ಜಿಗಿ ಕಟ್ಟುವುದನ್ನು ತಡೆಯುತ್ತದೆ. ಹಣ್ಣಿನ ಭಾರ ಬೇರೆ. ಅಂದರೆ ಬ್ರೆಡ್ಡು ಹಬ್ಬದ್ದಾದಷ್ಟೂ ಯೀಸ್ಟಿಗೆ ದುರ್ಭರ, ಮಾಡುವವರಿಗೆ ಅದರ ಎರಡರಷ್ಟು. ಸೋಡಾಕ್ಕೆ ಈ ಯಾವ ತಕರಾರೂ ಇಲ್ಲ. ಅದು ಜೀವಿಯಲ್ಲ, ಬಾಯಾರುವುದಿಲ್ಲ. ಮಜ್ಜಿಗೆಯದೋ ಹಣ್ಣಿನದೋ ಹುಳಿ ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಹಿಟ್ಟಿನಲ್ಲಿ ಸಕ್ಕರೆ ಒಂದು ಬಟ್ಟಲಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ. ಹಬ್ಬದ ಸಮೃದ್ಧಿಯನ್ನು ಸಲೀಸಾಗಿ ಹೊರಬಲ್ಲದ್ದು ರಸಾಯನವೇ ಹೊರತು ಹುದುಗಲ್ಲ. ನನ್ನ ವಾದದ ತಿರುಳು ಇಷ್ಟೇ.

ಈ ದಾರಿ ಹಿಡಿದವರು ನಿನ್ನೆ ಮೊನ್ನೆಯವರೇನಲ್ಲ. ಅಮೆರಿಕದಲ್ಲಿ ಮೊದಲ ಪೇಟೆಂಟ್ ಕೊಟ್ಟದ್ದು 1790ರಲ್ಲಿ, ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ, ಸೌದೆಯ ಬೂದಿಯಿಂದ ಪೊಟ್ಯಾಶ್ ಮತ್ತು ಪರ್ಲ್ಯಾಶ್ ತೆಗೆಯುವ ಹೊಸ ವಿಧಾನಕ್ಕೆ. ಪತ್ರಕ್ಕೆ ಸಹಿ ಹಾಕಿದ್ದು ಜಾರ್ಜ್ ವಾಷಿಂಗ್ಟನ್. ಗಾಜಿಗೂ ಸಾಬೂನಿಗೂ ಬೇಕಾಗಿದ್ದ ಈ ಕ್ಷಾರವನ್ನು ಹೆಂಗಸರು ಹಿಟ್ಟಿಗೂ ಹಾಕಿದರು. 1796ರಲ್ಲಿ ಅಮೀಲಿಯಾ ಸಿಮನ್ಸ್ ಬರೆದ ‘ಅಮೆರಿಕನ್ ಕುಕರಿ’ ಪುಸ್ತಕದಲ್ಲಿ ಪರ್ಲ್ಯಾಶ್ ಹಾಕಿದ ತಿನಿಸುಗಳು ಅಚ್ಚಾಗಿವೆ. ಕ್ಷಾರ ಅಡುಗೆಗೆ ಬರುವುದು ನಮಗೂ ಹೊಸದಲ್ಲ, ಹಪ್ಪಳದ ಹಿಟ್ಟಿಗೆ ಹಾಕುವ ಖಾರ ಇದೇ ಜಾತಿಯದು. ಬೂದಿಯ ಕ್ಷಾರದ ಕಟು ರುಚಿ ಬಿಡದೆ ಕಾಡುತ್ತಿತ್ತು. ಅದರ ಜಾಗಕ್ಕೆ ಶುದ್ಧ ಅಡುಗೆ ಸೋಡಾ ಬಂತು. 1846ರಲ್ಲಿ ವೈದ್ಯ ಆಸ್ಟಿನ್ ಚರ್ಚ್ ಮತ್ತು ಜಾನ್ ಡ್ವೈಟ್ ಅದನ್ನು ಪೊಟ್ಟಣ ಕಟ್ಟಿ ಮಾರಲು ಶುರುಮಾಡಿದರು. ಸೋಡಾಕ್ಕೆ ಹುಳಿಯ ಜೊತೆ ಬೇಕಲ್ಲ? ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ಹೆಂಡತಿಗಾಗಿ, 1843ರಲ್ಲೇ ಎರಡನ್ನೂ ಬೆರೆಸಿ ಬೇಕಿಂಗ್ ಪೌಡರ್ ಮಾಡಿದ್ದ. ಅಮೆರಿಕದಲ್ಲಿ ಹಾರ್ವರ್ಡಿನ ಪ್ರೊಫೆಸರ್ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಯುರೋಪಿನ ದ್ರಾಕ್ಷಾರಸದ ಪೀಪಾಯಿಗಳಿಂದ ಬರುತ್ತಿದ್ದ ದುಬಾರಿ ಟಾರ್ಟರಿನ ಬದಲು ಸುಟ್ಟ ಎಲುಬಿನಿಂದ ತೆಗೆದ ಫಾಸ್ಫೇಟನ್ನು ಬಳಸಿದ. ಸಸ್ಯಾಹಾರಿಗಳು ಗಾಬರಿಯಾಗುವುದು ಬೇಡ, ಫಾಸ್ಫೇಟು ಈಗ ಬರುವುದು ಕಲ್ಲಿನ ಗಣಿಯಿಂದ.

ಆಕ್ಷೇಪಗಳೂ ಅಷ್ಟೇ ಹಳೆಯವು. ಕ್ಯಾಥರೀನ್ ಬೀಚರ್ ಮತ್ತು ಆಕೆಯ ತಂಗಿ, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋ, 1869ರಲ್ಲಿ ತಂದ ಗೃಹಕೃತ್ಯದ ಗ್ರಂಥದಲ್ಲಿ ಸೋಡಾದಿಂದ ಉಬ್ಬಿಸುವ ಬ್ರೆಡ್ಡುಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಅವರ ಮಟ್ಟಿಗೆ ಯೀಸ್ಟಿನ ಬ್ರೆಡ್ಡು ಸುಸಂಸ್ಕೃತ ಮನೆಯ ಗುರುತು. ಆಮೇಲೆ ಬೇಕಿಂಗ್ ಪೌಡರ್ ಕಂಪನಿಗಳೇ ಪರಸ್ಪರ ವಿಷದ ಆರೋಪ ಹೊರಿಸಿ ಕಿತ್ತಾಡಿದವು. ಟಾರ್ಟರ್ ಬಳಸುವವರು ಪಟಿಕ ಬಳಸುವವರನ್ನು ಹಣಿಯಲು ಹೊರಟು, ಮಿಸ್ಸೂರಿ ರಾಜ್ಯದಲ್ಲಿ 1899ರಲ್ಲಿ ಪಟಿಕದ ಪೌಡರನ್ನು ಕಾನೂನಿನಿಂದಲೇ ನಿಷೇಧಿಸಲಾಯಿತು. ಹಿಂದೆ ಓಡಾಡಿದ ಲಂಚ ಬಯಲಾಗಿ 1903ರಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಜಾನ್ ಲೀ ರಾಜೀನಾಮೆ ಕೊಡಬೇಕಾಯಿತು. ಚಮಚದಷ್ಟು ಬಿಳಿ ಪುಡಿಗಾಗಿ ಒಂದು ಅಧಿಕಾರವೇ ಉರುಳಿದ್ದನ್ನು ನೆನೆದರೆ ನಗು ಬರುತ್ತದೆ. ಆದರೆ ‘ಕೆಮಿಕಲ್’ ಎಂಬ ಅನುಮಾನ ಇಂದಿಗೂ ಹೋಗಿಲ್ಲ, ಅದಕ್ಕೆ ಉತ್ತರ ಕೊಡಬೇಕು. ಯೀಸ್ಟ್ ಬಿಡುವ ಅನಿಲವೂ ಸೋಡಾ ಬಿಡುವ ಅನಿಲವೂ ಒಂದೇ. ಒಂದು ವ್ಯತ್ಯಾಸ ಮಾತ್ರ ನಿಜ. ಯೀಸ್ಟ್ ಅನಿಲದ ಜೊತೆಗೆ ರುಚಿಯನ್ನೂ ಕೊಡುತ್ತದೆ, ಗಂಟೆಗಟ್ಟಲೆ ಹುದುಗಿದ ಹಿಟ್ಟಿನ ಆ ಘಮ ಸೋಡಾದಿಂದ ಬರಲಾರದು. ಇದು ನಷ್ಟವೇ, ಮುಚ್ಚಿಡುವುದು ಬೇಡ. ಬರೀ ಮೈದಾ ಮತ್ತು ಸೋಡಾದ ಬ್ರೆಡ್ಡು ಸಪ್ಪೆ. ಆ ಸಪ್ಪೆಯನ್ನು ತುಂಬಲೆಂದೇ ಹಣ್ಣು, ಬೀಜ, ಸಿಪ್ಪೆ, ಮಸಾಲೆ ಬಂದವು. ಯೀಸ್ಟಿನ ಬ್ರೆಡ್ಡಿಗೆ ಅವು ಹೊರೆಯಾದರೆ ಇಲ್ಲಿ ಅವೇ ಜೀವಾಳ.

ಹಣ್ಣುಗಳ ಆಯ್ಕೆಯಲ್ಲೂ ಆ ನೆಲದ ಲೆಕ್ಕಾಚಾರವಿದೆ. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಸ್ವಂತ ಹಣ್ಣು. ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ ಹೆನ್ರಿ ಹಾಲ್ ಎಂಬ ರೈತ 1816ರಲ್ಲಿ ಅದನ್ನು ಸಾಗುವಳಿಗೆ ತಂದ. ಕೊಯ್ಲು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಅದರಲ್ಲಿ ಸಹಜವಾಗಿಯೇ ಬೆಂಜೋಯಿಕ್ ಆಮ್ಲ ಇರುವುದರಿಂದ ಬೇಗ ಕೆಡದೆ ಡಿಸೆಂಬರಿನವರೆಗೆ ತಾಳುತ್ತದೆ. ಹಾಗೆಯೇ ತಿಂದರೆ ಹುಣಸೆಹಣ್ಣನ್ನು ನಾಚಿಸುವ ಹುಳಿ. ಆ ಹುಳಿಯೇ ಸೋಡಾಕ್ಕೆ ಬೇಕಾದ ಜೊತೆ, ಸಕ್ಕರೆಯ ಸಿಹಿಗೆ ಎದುರಾಳಿ. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹೊಸ ಅಕ್ರೋಟು, ಫ್ಲಾರಿಡಾದ ಕಿತ್ತಳೆ, ಟೆಕ್ಸಸ್ ಮತ್ತು ಜಾರ್ಜಿಯಾದ ಪೀಕನ್ ಪೇಟೆಗೆ ಬಂದಿರುತ್ತವೆ. ಖರ್ಜೂರ ಹೊರಗಿನದು, ಆದರೆ ಅಲ್ಜೀರಿಯಾ, ಮೊರಾಕೊಗಳಿಂದ ಸಸಿ ತಂದು ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯ ಮರಳುಗಾಡಿನಲ್ಲಿ ಬೆಳೆಸಿದ್ದಾರೆ. ಖರ್ಜೂರದ ಬ್ರೆಡ್ಡಿಗೆ ಅದನ್ನು ಕುದಿಯುವ ನೀರಿನಲ್ಲಿ ಸೋಡಾ ಹಾಕಿ ನೆನೆಸುವ ಹಳೆಯ ಉಪಾಯವಿದೆ. ಕ್ಷಾರ ಸಿಪ್ಪೆಯನ್ನು ಮೆತ್ತಗೆ ಮಾಡಿ, ಬ್ರೆಡ್ಡಿಗೆ ಕಾಕಂಬಿಯ ಕಪ್ಪು ಕೊಡುತ್ತದೆ. ಸೋಡಾ ಲೆಕ್ಕ ತಪ್ಪಿದರೆ ತಮಾಷೆಯೂ ಆಗುತ್ತದೆ. ಬ್ಲೂಬೆರಿಯ ನೀಲಿ ಕ್ಷಾರ ತಾಗಿ ಹಸಿರಾಗುತ್ತದೆ, ಸೂರ್ಯಕಾಂತಿ ಬೀಜ ಹಾಕಿದ ಬ್ರೆಡ್ಡಿನ ಒಡಲು ಪಾಚಿ ಬಣ್ಣಕ್ಕೆ ತಿರುಗಿ ತಿನ್ನುವವರನ್ನು ಹೆದರಿಸುತ್ತದೆ. ತಿಂದರೆ ಏನೂ ಆಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮನೆಯ ಸಂಪ್ರದಾಯ ಎಂದು ಕೊಂಡಾಡುವ ಇದು ಕಂಪನಿಗಳೇ ಹುಟ್ಟಿಸಿದ್ದಲ್ಲವೇ? ಹೌದು, ಬಹಳ ಮಟ್ಟಿಗೆ ನಿಜ. ಬೇಕಿಂಗ್ ಪೌಡರ್ ಮಾರುವವರು ಪಾಕಪುಸ್ತಿಕೆಗಳನ್ನು ಪುಕ್ಕಟೆ ಹಂಚಿದರು. ಬಾಳೆಹಣ್ಣಿನ ಬ್ರೆಡ್ಡು ಊರೂರಿಗೆ ಹಬ್ಬಿದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ. 1933ರಲ್ಲಿ ಪಿಲ್ಸ್‌ಬರಿ ಹಿಟ್ಟಿನ ಕಂಪನಿಯ ಪುಸ್ತಕದಲ್ಲೂ ಅದು ಕಾಣಿಸಿಕೊಂಡಿತು. ಕ್ರ್ಯಾನ್‌ಬೆರಿ ಬೆಳೆಗಾರರು 1930ರಲ್ಲಿ ಓಷನ್ ಸ್ಪ್ರೇ ಸಹಕಾರ ಸಂಘ ಕಟ್ಟಿಕೊಂಡ ಮೇಲೆ ಆ ಹಣ್ಣಿಗೂ ಪ್ರಚಾರದ ಬಲ ಬಂತು. ಸರ್ಕಾರದ ಪಾಲೂ ಇದೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಹರ್ಬರ್ಟ್ ಹೂವರನ ಆಹಾರ ಆಡಳಿತ ಗೋಧಿ ಉಳಿಸಿರೆಂದು ಸಾರಿತು. ಮೆಕ್ಕೆಜೋಳ, ಓಟ್ಸ್ ಹಿಟ್ಟುಗಳು ಯೀಸ್ಟಿಗೆ ಬಗ್ಗವು, ಅವುಗಳಲ್ಲಿ ಗೋಧಿಯ ಜಿಗಿ ಇಲ್ಲ. ಹಾಗಾಗಿ ಬೇಕಿಂಗ್ ಪೌಡರಿನ ಬ್ರೆಡ್ಡು ದೇಶಭಕ್ತಿಯೂ ಆಯಿತು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಆಕ್ಷೇಪ ಗೆಲ್ಲುವುದಿಲ್ಲ. ಕಂಪನಿಗಳು ಹಂಚಿದ ಪಾಕಗಳು ಸಾವಿರಾರು, ಉಳಿದದ್ದು ಬೆರಳೆಣಿಕೆ. ಯಾವುದು ಉಳಿಯಬೇಕೆಂದು ನಿರ್ಧರಿಸಿದ್ದು ಮಾಡಿ ತಿಂದವರು. ಮುಗ್ಗಟ್ಟಿನ ಗೃಹಿಣಿ ಕಪ್ಪಾದ ಬಾಳೆಹಣ್ಣನ್ನು ಎಸೆಯದೆ ಬ್ರೆಡ್ಡು ಮಾಡಿದ್ದು ಯಾರದೋ ಲಾಭಕ್ಕೆ ಅನುಕೂಲವಾಯಿತು ಎಂದ ಮಾತ್ರಕ್ಕೆ ಆಕೆಯ ಮಿತವ್ಯಯ ಸುಳ್ಳಾಗುವುದಿಲ್ಲ.

ಹೀಗೆ ಉಳಿದದ್ದರಲ್ಲಿ ಅಳತೆಗೂ ಒಂದು ಪಾಲು ಸಲ್ಲಬೇಕು. ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರಲ್ಲಿ ತಂದ ಅಡುಗೆ ಪುಸ್ತಕ ಬಟ್ಟಲು ಚಮಚಗಳನ್ನು ಅಂಚಿಗೆ ಸಮನಾಗಿ ಸವರಿ ಅಳೆಯುವುದನ್ನು ರೂಢಿಗೆ ತಂದಿತು. ಯೀಸ್ಟಿನ ಪಾಕ ಅಳತೆಗೆ ಪೂರ್ತಿ ಸಿಕ್ಕುವಂಥದ್ದಲ್ಲ. ಅಂದಿನ ಚಳಿ, ಹಿಟ್ಟಿನ ಗುಣ, ಕೈಯ ಅಂದಾಜು ಎಲ್ಲ ಸೇರಬೇಕು, ಪಕ್ಕದಲ್ಲಿ ನಿಂತು ಕಲಿಯಬೇಕು. ಸೋಡಾದ ಪಾಕ ಹಾಗಲ್ಲ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಒಂದು ಮೊಟ್ಟೆ, ಮುಕ್ಕಾಲು ಬಟ್ಟಲು ಕಿತ್ತಳೆ ರಸ, ಎರಡು ದೊಡ್ಡ ಚಮಚ ಬೆಣ್ಣೆ, ಹಣ್ಣು, ಬೀಜ. ಅಂಗೈಯಗಲದ ಕಾರ್ಡಿನ ಮೇಲೆ ಇಡೀ ಪಾಕ ಹಿಡಿಸುತ್ತದೆ. ಆ ಕಾರ್ಡನ್ನು ನಕಲು ಮಾಡಿ ದೂರದ ಊರಿಗೆ ಕಳಿಸಿದರೆ ಅಲ್ಲಿಯೂ ಅದೇ ಬ್ರೆಡ್ಡು ಬರುತ್ತದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಅಜ್ಜಿಯ ನೆನಪೆಂದು ಉಳಿದಿರುವುದು ಬೆಣ್ಣೆಯ ಕಲೆ ಹತ್ತಿದ ಇಂಥ ಕಾರ್ಡುಗಳೇ. ಹುಟ್ಟೂರಿನಲ್ಲಿ ನೆಲೆನಿಲ್ಲದ ಸಮಾಜಕ್ಕೆ ಪಕ್ಕದಲ್ಲಿ ನಿಂತು ಕಲಿಸುವ ವಿದ್ಯೆಗಿಂತ ಅಂಚೆಯಲ್ಲಿ ಹೋಗುವ ವಿದ್ಯೆಯೇ ಹೆಚ್ಚು ಒದಗಿಬಂತು.

ಹಾಗಾದರೆ ಕೈಚಳಕಕ್ಕೆ ಬೆಲೆಯಿಲ್ಲವೇ, ಸುಲಭವಾದದ್ದರಲ್ಲಿ ಹಬ್ಬದ ಶ್ರದ್ಧೆ ಎಲ್ಲಿ ಎಂದು ಕೇಳಬಹುದು. ಕೈಚಳಕ ಇದೆ, ಆದರೆ ಅದು ತಡೆದುಕೊಳ್ಳುವ ಕೈಚಳಕ. ಒಣ ಸಾಮಾನು ಬೇರೆ, ಹಸಿ ಸಾಮಾನು ಬೇರೆ ಇಟ್ಟು, ಕೊನೆಗೆ ಸೇರಿಸಿ, ಹಿಟ್ಟು ಒದ್ದೆಯಾಯಿತೋ ಇಲ್ಲವೋ ಎನ್ನುವಾಗಲೇ ಕೈ ತೆಗೆಯಬೇಕು. ಗಂಟು ಗಂಟಾಗಿ ಕಂಡರೂ ಬಿಟ್ಟುಬಿಡಬೇಕು. ದೋಸೆ ಹಿಟ್ಟನ್ನು ನುಣ್ಣಗೆ ಕಲಕಿ ರೂಢಿಯಾದ ಕೈಗೆ ಇದು ಕಷ್ಟ. ಕಲಸಿದಷ್ಟೂ ಜಿಗಿ ಬೆಳೆದು ಬ್ರೆಡ್ಡು ರಬ್ಬರಾಗುತ್ತದೆ, ಕೊಯ್ದರೆ ಒಳಗೆ ಉದ್ದುದ್ದ ಬಿಲಗಳು. ಕಲಸಿದ ಮೇಲೆ ಹರಟೆ ಹೊಡೆಯುತ್ತ ಕೂರುವಂತಿಲ್ಲ, ಸೋಡಾ ತನ್ನ ಅನಿಲವನ್ನು ಆಗಲೇ ಬಿಡತೊಡಗಿರುತ್ತದೆ. ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಒಂದು ಗಂಟೆ. ಮೇಲಿನ ಹೊರಪದರ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಉಬ್ಬಿ, ನೆತ್ತಿ ಉದ್ದಕ್ಕೆ ಬಿರಿಯುತ್ತದೆ. ಬೇಕರಿಯವರು ಅದನ್ನು ದೋಷವೆಂದಾರು, ಇಲ್ಲಿ ಅದು ಬೆಂದದ್ದರ ಲಕ್ಷಣ. ಮತ್ತೆ, ಬಿಸಿಯಾಗಿದ್ದಾಗ ಕೊಯ್ಯಬಾರದು. ಒಂದು ರಾತ್ರಿ ಸುತ್ತಿಟ್ಟರೆ ಹಣ್ಣಿನ ತೇವ ಎಲ್ಲ ಕಡೆ ಹರಡಿ ಮರುದಿನ ಹೋಳು ಸೊಗಸಾಗಿ ಬರುತ್ತದೆ. ಕಾಯುವುದನ್ನು ತಪ್ಪಿಸಿಕೊಂಡವರೆಂದು ಹಂಗಿಸುವವರು ಈ ಒಂದು ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಕ್ ಎನ್ನುವ ಮಾತಿಗೆ ಬಂದರೆ, ಬೆಣ್ಣೆ ಸಕ್ಕರೆ ಹೆಚ್ಚಾದ ಕಡೆ ಅದು ಕೇಕೇ ಸರಿ. ಆ ಗಡಿ ಕಾಯುವ ಉಮೇದು ನನಗಿಲ್ಲ.

ನಮ್ಮ ಕಡೆಯಿಂದ ನೋಡಿದರೆ ವಾದಕ್ಕೆ ಇನ್ನೊಂದು ಪುಷ್ಟಿ ಸಿಗುತ್ತದೆ. ಮಂಗಳೂರು ಸೀಮೆಯ ಕ್ರೈಸ್ತರು ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರನ್ನು ನೆನೆಯಿರಿ. ಕಿಡಿಯೊ, ನೆವ್ರಿ, ತುಕ್ಡಿ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನ ಕುಕಿಸ್ ಎಲ್ಲ ತಟ್ಟೆಗೆ ಜೋಡಿಸಿ, ಧರ್ಮ ಜಾತಿ ನೋಡದೆ ನೆರೆಹೊರೆಗೆ ಹಂಚುತ್ತಾರೆ. ಅದರಲ್ಲಿ ಬಹುಪಾಲು ಎಣ್ಣೆಯಲ್ಲಿ ಕರಿದದ್ದು. ಓವನ್ ಇಲ್ಲದ ಮನೆಯ ಬಾಣಲೆಗೆ ದಕ್ಕುವಂಥದ್ದಾದ್ದರಿಂದಲೇ ಅದು ಮನೆಯ ಹಬ್ಬವಾಗಿ ಬಾಳಿತು. ಈಗ ಅಂಗಡಿಯಲ್ಲೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆಂಬುದು ಬೇರೆ ಮಾತು. ಅದೇ ಕರಾವಳಿಯ ಬನ್ಸ್ ಅಂತೂ ಅಮೆರಿಕದ ಬಾಳೆಹಣ್ಣಿನ ಬ್ರೆಡ್ಡಿಗೆ ದೂರದ ನೆಂಟ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸೋಡಾ, ಜೊತೆಗೆ ಜೀರಿಗೆ, ಕರಿಯಲು ಎಣ್ಣೆ. ಮೊಸರಿನ ಹುಳಿಗೆ ಸೋಡಾ ಕೂಡಿಸುವ ಗುಟ್ಟನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮೆರಿಕಕ್ಕೆ ಹೋದ ಕನ್ನಡಿಗರು ಈ ಬ್ರೆಡ್ಡಿಗೆ ಬೇಗ ಒಗ್ಗಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಮೊಟ್ಟೆ ತಿನ್ನದವರು ಅದರ ಜಾಗದಲ್ಲಿ ಮೊಸರನ್ನೋ ಇನ್ನೊಂದು ಬಾಳೆಹಣ್ಣನ್ನೋ ಹಾಕಿದರೂ ಬ್ರೆಡ್ಡು ಮುನಿಯುವುದಿಲ್ಲ, ಕೊಂಚ ಗಟ್ಟಿಯಾಗುತ್ತದೆ ಅಷ್ಟೆ. ಕೆಲವರು ಏಲಕ್ಕಿ ಹಾಕುತ್ತಾರೆ, ದಾಲ್ಚಿನ್ನಿಗಿಂತ ಅದೇ ವಾಸಿ ಎಂಬುದು ನನ್ನ ಪಕ್ಷಪಾತ. ಮೊಟ್ಟೆಯ ಹಳದಿಯನ್ನೂ ಹುಳಿಹಿಟ್ಟನ್ನೂ ಸರ್ಕಾರವೇ ಕಡ್ಡಾಯ ಮಾಡಿದ ಪಾನೆತ್ತೋನೆಯಲ್ಲಿ ಇಂಥ ಸ್ವಾತಂತ್ರ್ಯಕ್ಕೆ ಜಾಗವಿಲ್ಲ.

ಕೊನೆಗೆ ಉಳಿಯುವ ಆಕ್ಷೇಪವೊಂದಿದೆ, ಅದಕ್ಕೆ ನನ್ನ ಉತ್ತರ ಅಷ್ಟು ಗಟ್ಟಿಯಾಗಿಲ್ಲ. ಸುಲಭತನವೇ ಮನೆಯಲ್ಲಿ ಉಳಿಸಿತು ಎನ್ನುವುದಾದರೆ ಇನ್ನಷ್ಟು ಸುಲಭವಾದದ್ದು ಬಂದಾಗ ಏನು ಗತಿ? ಬಂದೂ ಆಗಿದೆ. ಅಮೆರಿಕದ ಅಂಗಡಿಗಳಲ್ಲಿ ಕ್ರ್ಯಾನ್‌ಬೆರಿ, ಖರ್ಜೂರ, ಬಾಳೆಹಣ್ಣಿನ ಬ್ರೆಡ್ಡುಗಳ ಮಿಶ್ರಣ ಪೆಟ್ಟಿಗೆಯಲ್ಲಿ ಸಿಗುತ್ತದೆ. ಮನೆಯಲ್ಲಿ ಸೇರಿಸಬೇಕಾದದ್ದು ಮೊಟ್ಟೆ, ನೀರು, ಎಣ್ಣೆ ಮಾತ್ರ. ಅದನ್ನು ಬೇಯಿಸಿ ರಿಬ್ಬನ್ ಕಟ್ಟಿ ಕೊಟ್ಟರೆ ಮನೆಯಲ್ಲಿ ಮಾಡಿದ್ದು ಎನ್ನಬಹುದೇ? ಪರ್ಲ್ಯಾಶ್ ಬಂದಾಗ, ಬೇಕಿಂಗ್ ಪೌಡರ್ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು, ಹಾಗಾಗಿ ಇಲ್ಲ ಎಂದು ಸಾರಾಸಗಟಾಗಿ ಹೇಳುವ ನೈತಿಕ ಹಕ್ಕು ನನಗಿಲ್ಲ. ಆದರೂ ಒಂದು ಷರತ್ತು ಹಾಕಬಯಸುತ್ತೇನೆ. ಪೆಟ್ಟಿಗೆಯ ಹಿಟ್ಟಿಗೆ ಒಂದು ಹಿಡಿ ಅಕ್ರೋಟನ್ನಾದರೂ ತಾವೇ ಒಡೆದು, ಹುರಿದು, ಹೆಚ್ಚಿ ಹಾಕಿದ್ದರೆ ನಾನದನ್ನು ಮನೆಯದೆಂದು ಒಪ್ಪುತ್ತೇನೆ, ಸ್ವಲ್ಪ ಗೊಣಗಿಕೊಂಡೇ.